ಸಣ್ಣ ಜಾಗದಾಗ ದೊಡ್ಡ ವಿಮಾನ ಹ್ಯಾಂಗ ಏರ್ತದ?



ನಮ್ಮ ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇರುವುದು ನಿಮಗೆಲ್ಲ ಗೊತ್ತು. ಭಾಲ್ಕಿ, ಔರಾದ ಕಡೆಯ ಹೊಲದಲ್ಲಿ ನಿಂತು ತಲೆ ಎತ್ತಿದರೂ ಒಮ್ಮೊಮ್ಮೆ ಹಾಕ್ ವಿಮಾನ ಸದ್ದು ಮಾಡುತ್ತಾ ಹೋಗುವುದು ಕಾಣುತ್ತದೆ. ಅವು ಪೈಲಟರಿಗೆ ಕಲಿಸುವ ಜೆಟ್ ವಿಮಾನಗಳು. ಅವಕ್ಕೆ ಉದ್ದನೆಯ, ನುಣುಪಾದ ರನ್‌ವೇ ಬೇಕು. ನನ್ನ ತಮ್ಮ ಒಂದು ದಿನ ಕೇಳಿದ: "ಅಣ್ಣಾ, ನಮ್ಮ ಹೊಲದಾಗ ಯಾಕ ವಿಮಾನ ಇಳಿಯಂಗಿಲ್ಲ?"

ನಗಬೇಡಿ. ಇದೇ ಪ್ರಶ್ನೆಗೆ ಉತ್ತರ ಹುಡುಕಲು ದೊಡ್ಡ ದೊಡ್ಡ ಎಂಜಿನಿಯರರು ವರ್ಷಗಟ್ಟಲೆ ದುಡಿದಿದ್ದಾರೆ. ಹಿಮದ ಗಡಿಯಲ್ಲಿ ಬೀದರಿನಂಥ ರನ್‌ವೇ ಎಲ್ಲಿಂದ ಬರಬೇಕು? ಆದರೂ ಅಲ್ಲಿಯ ಜವಾನರಿಗೆ ಹಿಟ್ಟು, ಸೀಮೆಎಣ್ಣೆ, ಔಷಧ ಮುಟ್ಟಲೇಬೇಕು. ಜಡ್ಡಾದವರನ್ನು ಕೆಳಗೆ ತರಲೇಬೇಕು.

ವಿಮಾನ ಓಡುವುದು ಯಾಕೆ?

ರೆಕ್ಕೆಯ ಸುತ್ತ ಗಾಳಿ ವೇಗವಾಗಿ ಹರಿದಾಗ ಅದು ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಈ ಬಲ ವಿಮಾನದ ಭಾರಕ್ಕಿಂತ ಹೆಚ್ಚಾಗುವ ತನಕ ಅದು ನೆಲದ ಮೇಲೆ ಓಡಲೇಬೇಕು. ಹಾಗಾದರೆ ಓಟ ಕಡಿಮೆ ಮಾಡಲು ಮೂರೇ ದಾರಿ ನೋಡ್ರಿ. ಒಂದು, ಬಲವಾದ ಎಂಜಿನ್ ಹಾಕಿ ಬೇಗ ವೇಗ ಪಡೆಯುವುದು. ಎರಡು, ಕಡಿಮೆ ವೇಗದಲ್ಲೇ ಎತ್ತುವಂಥ ರೆಕ್ಕೆ ಮಾಡುವುದು. ಮೂರು, ಭಾರ ಇಳಿಸುವುದು.

ಎತ್ತರ ಎಂಬ ವೈರಿ

ಬೀದರ್ ಸಮುದ್ರ ಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಲಡಾಖಿನ ದೌಲತ್ ಬೇಗ್ ಓಲ್ಡಿ ಎಂಬ ಗಡಿ ಠಾಣ್ಯ ಸುಮಾರು 16,600 ಅಡಿ! ಅಲ್ಲಿಯ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ನೂರಕ್ಕೆ 60 ಪಾಲು ಮಾತ್ರ. ಗಾಳಿ ತೆಳುವಾದಷ್ಟೂ ರೆಕ್ಕೆ ಕಡಿಮೆ ಎತ್ತುತ್ತದೆ, ಎಂಜಿನ್ನಿಗೂ ಉಸಿರು ಸಾಲದು. ಅಷ್ಟೇ ಭಾರ ಎತ್ತಬೇಕಾದರೆ ಸಮುದ್ರ ಮಟ್ಟಕ್ಕಿಂತ ಸುಮಾರು 1.3 ಪಟ್ಟು ವೇಗ ಬೇಕು. ಅಂದ್ರ ಓಟ ಇನ್ನೂ ಉದ್ದ. ಬ್ಯಾಸಿಗಿ ಬಿಸಿಲಿನಲ್ಲೂ ಹೀಗೇ ಆಗುತ್ತದೆ, ಯಾಕಂದ್ರ ಬಿಸಿ ಗಾಳಿಯೂ ತೆಳು.

ಎಎನ್-32 ಹ್ಯಾಂಗ ಹುಟ್ಟಿತು?

1960ರ ದಶಕದಲ್ಲಿ ನಮ್ಮ ವಾಯುಪಡೆ ಪ್ಯಾಕೆಟ್ ಎಂಬ ಸಾಮಾನು ವಿಮಾನಗಳ ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಕೂರಿಸಿ ಬಲ ಹೆಚ್ಚಿಸಿತ್ತು. ಎಷ್ಟು ದಿನ ಹೀಗೆ ನಡೆದೀತು? ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಕೀವ್ ನಗರದ ಆಂಟೊನೊವ್ ಸಂಸ್ಥೆ ಭಾರತದ ಬಿಸಿಲು ಮತ್ತು ಎತ್ತರವನ್ನು ಲೆಕ್ಕಕ್ಕೆ ಹಿಡಿದು ತನ್ನ ಎಎನ್-26 ವಿಮಾನವನ್ನು ತಿದ್ದಿತು. ಹೀಗೆ ಎಎನ್-32 ಹುಟ್ಟಿತು. ಅದು ಮೊದಲು ಹಾರಿದ್ದು 1976ರ ಜುಲೈ 9ರಂದು. ನಮ್ಮ ವಾಯುಪಡೆಗೆ ಬಂದದ್ದು 1984ರಲ್ಲಿ.

ಏನೇನು ತಿದ್ದಿದರು? ಹಳೆಯದರ ಒಂದೊಂದು ಎಂಜಿನ್ ಸುಮಾರು 2,800 ಅಶ್ವಶಕ್ತಿಯದು. ಹೊಸದಕ್ಕೆ 5,000ಕ್ಕಿಂತ ಹೆಚ್ಚು ಅಶ್ವಶಕ್ತಿಯ ಎಂಜಿನ್ ಹಾಕಿದರು. ಬಲ ಹೆಚ್ಚಾದ ಮೇಲೆ ಪಂಖಾ ದೊಡ್ಡದಾಗಲೇಬೇಕು. ಆ ಪಂಖಾ ನೆಲಕ್ಕೆ, ವಿಮಾನದ ಮೈಗೆ ತಾಗಬಾರದೆಂದು ಎಂಜಿನ್ನನ್ನು ರೆಕ್ಕೆಯ ಮೇಲುಗಡೆ ಕೂರಿಸಿದರು. ಇದರಿಂದ ಕಚ್ಚಾ ನೆಲದ ಧೂಳು, ಹರಳು ಎಂಜಿನ್ನಿನೊಳಗೆ ಹೋಗುವುದೂ ಕಡಿಮೆಯಾಯಿತು.

ಇನ್ನು ರೆಕ್ಕೆ. ಬೀದರ್ ಕೋಟೆಯ ಗೋಡೆಗೆ ಪಾರಿವಾಳ ಬಂದು ಕೂರುವುದನ್ನು ನೋಡಿದ್ದೀರಾ? ಕೂರುವ ಮುಂಚೆ ರೆಕ್ಕೆ, ಬಾಲ ಎರಡನ್ನೂ ಅಗಲ ಮಾಡಿ ಬಗ್ಗಿಸುತ್ತದೆ. ವಿಮಾನವೂ ಹಾಗೇ. ರೆಕ್ಕೆಯ ಹಿಂದಿನ ಅಂಚಿನಿಂದ ಫ್ಲ್ಯಾಪ್ ಎಂಬ ಹಲಗೆಗಳು ಕೆಳಗಿಳಿಯುತ್ತವೆ. ಎಎನ್-32ರಲ್ಲಿ ಈ ಫ್ಲ್ಯಾಪುಗಳ ನಡುವೆ ಸಂದುಗಳಿವೆ. ಕೆಳಗಿನ ಗಾಳಿ ಆ ಸಂದಿನಿಂದ ಮೇಲೆ ನುಗ್ಗಿ, ರೆಕ್ಕೆಯನ್ನು ಬಿಟ್ಟು ಹೋಗುವ ಗಾಳಿಯನ್ನು ಹಿಡಿದಿಡುತ್ತದೆ. ಹೀಗಾಗಿ ನಿಧಾನಕ್ಕೆ ಹಾರಿದರೂ ವಿಮಾನ ಬೀಳುವುದಿಲ್ಲ.

ಕೊಟ್ಟು ಪಡೆಯುವ ಲೆಕ್ಕ

ಎಲ್ಲಾ ಪುಕ್ಕಟೆ ಸಿಗಂಗಿಲ್ಲ. ಇಂಥ ರೆಕ್ಕೆ, ಇಂಥ ಪಂಖಾದ ವಿಮಾನ ಜೆಟ್ಟಿನಷ್ಟು ವೇಗವಾಗಿ ಹೋಗಲಾರದು. ಎಎನ್-32 ಸುಮಾರು 6.7 ಟನ್ ಹೊರಬಲ್ಲದು, ಆದರೆ ಅಷ್ಟು ಹೊತ್ತು ಗಡಿಯ ಎತ್ತರದಲ್ಲಿ ಏರಲು ಆಗದು. ಅಲ್ಲಿ ಕಿಲೋ ಕಿಲೋ ಲೆಕ್ಕ ಹಾಕಬೇಕು. ದೌಲತ್ ಬೇಗ್ ಓಲ್ಡಿಯಲ್ಲಿ 1962ರಲ್ಲಿ ಪ್ಯಾಕೆಟ್ ಇಳಿದಿತ್ತು. ಮುಂದೆ ಅದು ನಿಂತುಹೋಗಿ, 43 ವರ್ಷದ ಬಳಿಕ 2008ರ ಮೇ 31ರಂದು ಎಎನ್-32 ಅಲ್ಲಿಯ ಕಚ್ಚಾ ನೆಲದ ಮೇಲೆ ಇಳಿಯಿತು. 2013ರ ಆಗಸ್ಟ್ 20ರಂದು ಇನ್ನೂ ದೊಡ್ಡದಾದ ಸಿ-130ಜೆ ಇಳಿಯಿತು.

ಹಾಗಾದರೆ ತಮ್ಮನ ಪ್ರಶ್ನೆ? ಎಎನ್-32 ತುಂಬಿದಾಗ 27 ಟನ್ ಭಾರ. ಮಳೆಗಾಲದ ನಮ್ಮ ಎರಿ ಹೊಲದಾಗ ತುಂಬಿದ ಬಂಡಿಯೇ ಹೂಳುತ್ತದೆ, ವಿಮಾನದ ಮಾತು ಬ್ಯಾಡ. ಗಟ್ಟಿ ನೆಲ, ಸಾಕಷ್ಟು ಉದ್ದ, ಎದುರಿಗೆ ಗಿಡ ಗುಡ್ಡ ಇಲ್ಲದ ಬಯಲು, ಇಷ್ಟಾದರೂ ಬೇಕೇ ಬೇಕು.

ನಮ್ಮವರ ಪ್ರಯತ್ನ

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 14 ಆಸನದ 'ಸಾರಸ್' ಎಂಬ ಸಣ್ಣ ಸಾಗಣೆ ವಿಮಾನ ರೂಪಿಸಿತು. 2004ರ ಮೇ 29ರಂದು ಅದು ಮೊದಲು ಹಾರಿತು. ಆದರೆ ಅಂದುಕೊಂಡದ್ದಕ್ಕಿಂತ ಭಾರ ಹೆಚ್ಚಾಗಿತ್ತು. ಮೇಲೆ ಹೇಳಿದ ಮೂರನೆಯ ದಾರಿ ಎಷ್ಟು ಕಷ್ಟ ಎಂಬುದು ಇಲ್ಲಿ ಗೊತ್ತಾಗುತ್ತದೆ. ಎರಡನೆಯ ಸಾರಸ್ ಹಗುರ ಮಾಡಿ ಕಟ್ಟಿದರು. 2009ರ ಮಾರ್ಚ್ 6ರಂದು, ಆಕಾಶದಲ್ಲೇ ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆಸುವಾಗ ಅದು ಬಿಡದಿ ಹತ್ತಿರ ಬಿದ್ದಿತು. ವಾಯುಪಡೆಯ ಪ್ರವೀಣ ಕೋಟೆಕೊಪ್ಪ, ದೀಪೇಶ್ ಶಾ, ಇಳಯರಾಜ ಮೂವರೂ ತೀರಿಕೊಂಡರು. ಎಂಜಿನ್ ಕೆಟ್ಟರೆ ಏನಾಗುತ್ತದೆಂದು ಯಾರಾದರೂ ಮೊದಲು ಹಾರಿಸಿ ನೋಡಲೇಬೇಕು. ಅವರು ನೋಡಿದ್ದು ಮುಂದೆ ಅದರಲ್ಲಿ ಕೂರುವವರ ಸಲುವಾಗಿ. ಕೆಲಸ ಅಲ್ಲಿಗೇ ಮುಗಿಯಲಿಲ್ಲ. ತಿದ್ದಿದ ಸಾರಸ್ 2018ರ ಜನವರಿ 24ರಂದು ಮತ್ತೆ ಹಾರಿತು.

ಮಾಡಿ ನೋಡಿರಿ

ಒಂದೇ ಅಳತೆಯ ಎರಡು ಹಾಳೆ ತಗೊಳ್ಳಿ. ಒಂದರಲ್ಲಿ ಚೂಪಾದ ರೆಕ್ಕೆಯ ವಿಮಾನ, ಇನ್ನೊಂದರಲ್ಲಿ ಅಗಲ ರೆಕ್ಕೆಯ ವಿಮಾನ ಮಾಡಿರಿ. ಎರಡನ್ನೂ ಮೆಲ್ಲಗೆ ಬಿಟ್ಟು ನೋಡಿ, ಆಮೇಲೆ ಜೋರಾಗಿ ಎಸೆದು ನೋಡಿ. ಮೆಲ್ಲಗೆ ಬಿಟ್ಟಾಗ ಯಾವುದು ಚೆನ್ನಾಗಿ ತೇಲಿತು? ಯಾಕೆ? ಉತ್ತರ ಬರೆದು ಈ ಪತ್ರಿಕೆಯ ಕೆಳಗಿನ ಡಬ್ಬಿಯಲ್ಲಿ ಹಾಕಿರಿ.