ಉರಿಗೆ ಕಡಿವಾಣ

ನಿಮ್ಮ ರೇಡಿಯೋ ಪೆಟ್ಟಿಗೆ ಪ್ಲಾಸ್ಟಿಕ್ಕಿನದೇ? ಬಹುಪಾಲು ಪ್ಲಾಸ್ಟಿಕ್ಕುಗಳು ಕಲ್ಲೆಣ್ಣೆಯ ಸಂತಾನ. ಉರಿಯುವುದು ಅವುಗಳ ಹುಟ್ಟುಗುಣ. ಅದನ್ನು ಹತ್ತಿಕ್ಕಲೆಂದೇ ಕೆಲವು ಪದಾರ್ಥಗಳನ್ನು ಬೆರೆಸುವುದುಂಟು.

ಇವುಗಳಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಬಿಳಿಯ ಪುಡಿ ಬಲು ಸಾಧು. ಶಾಖ ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದಾಗ ತನ್ನ ತೂಕದ ಮೂರನೆಯ ಒಂದು ಪಾಲು ನೀರನ್ನು ಆವಿಯಾಗಿ ಬಿಟ್ಟು ಉರಿಯನ್ನು ತಣಿಸುತ್ತದೆ. ಆದರೆ ಇದನ್ನು ಧಾರಾಳವಾಗಿ ಸುರಿಯಬೇಕು.

ಬ್ರೋಮಿನ್ ಸಂಯುಕ್ತಗಳು ಕೊಂಚವೇ ಸಾಕು. ಜ್ವಾಲೆಯೊಳಕ್ಕೇ ನುಗ್ಗಿ ದಹನಕ್ರಿಯೆಯ ಸರಪಳಿಯನ್ನು ಕಡಿಯುತ್ತವೆ. ಇವು ಮಾತ್ರ ಅಷ್ಟು ಸಾಧುಗಳಲ್ಲ. 1973ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಇಂಥದೊಂದು ಪುಡಿ ಪ್ರಮಾದದಿಂದ ದನಗಳ ಮೇವಿಗೆ ಬೆರೆತು, ಹಾಲು ಮಾಂಸಗಳ ಮೂಲಕ ಜನರ ಮೈ ಸೇರಿತು. ಸಾವಿರಾರು ದನಗಳನ್ನು ಕೊಂದು ಹೂಳಬೇಕಾಯಿತು. ಆ ಜಾತಿಯ ಪದಾರ್ಥವು 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿತು.

ಆದ್ದರಿಂದ ಒಡೆದ ಪೆಟ್ಟಿಗೆಯನ್ನು ಬಚ್ಚಲ ಒಲೆಗೆ ತುರುಕಬೇಡಿ. ಬ್ರೋಮಿನ್ ಬೆರೆತಿದ್ದರೆ ಅದರ ಹೊಗೆ ವಿಷ.