ಹವ್ಯಾಸ, ಚಟ, ಗೀಳು
ಬಿಡುವಿನ ವೇಳೆಯ ಆಸಕ್ತಿಗಳಿಗೆ ಕನ್ನಡದಲ್ಲಿ ಪದಗಳು ಹಲವು. ಅವುಗಳ ಅಂತರ ತಿಳಿಯಬೇಕಾದರೆ ಜೊತೆಗೆ ಬರುವ ಕ್ರಿಯಾಪದವನ್ನು ಗಮನಿಸಬೇಕು. ಹವ್ಯಾಸವನ್ನು ಬೆಳೆಸಿಕೊಳ್ಳುತ್ತಾರೆ, ಚಟ ಅಂಟಿಕೊಳ್ಳುತ್ತದೆ, ಗೀಳು ಹಿಡಿಯುತ್ತದೆ. ಮೊದಲನೆಯದರಲ್ಲಿ ಮನುಷ್ಯನೇ ಯಜಮಾನ, ಉಳಿದೆರಡರಲ್ಲಿ ಸಿಕ್ಕಿಬಿದ್ದವನು. ನೆರೆಯ ಮರಾಠಿಯಲ್ಲಿ 'ಹವ್ಯಾಸ' ಎಂದರೆ ಅತಿಯಾಸೆ. ಕನ್ನಡದಲ್ಲಿ ಅದೇ ಪದಕ್ಕೆ ಮರ್ಯಾದೆಯಿದೆ. ಕೈಲಾಸಂ ನಾಟಕಗಳಿಗೆ ನೆಲೆಯಾದ ರಂಗಭೂಮಿಯ ಹೆಸರೂ 'ಹವ್ಯಾಸಿ'ಯೇ. ಹೊಟ್ಟೆಪಾಡಿಗಲ್ಲ ಎಂಬುದಷ್ಟೇ ಅದರ ಅರ್ಥ, ಅರೆಬೆಂದದ್ದು ಎಂದಲ್ಲ.

ಅಂಚೆಚೀಟಿ ಸಂಗ್ರಹ ಹವ್ಯಾಸ, ಇಸ್ಪೀಟು ಚಟ ಎನ್ನುವುದು ರೂಢಿ. ಆದರೆ ಪದವನ್ನು ಆರಿಸುವವರು ಹೆಚ್ಚಾಗಿ ನೋಡುವವರೇ ಹೊರತು ಅದರಲ್ಲಿ ತೊಡಗಿದವರಲ್ಲ. ಒಂದೇ ಮನೆಯಲ್ಲಿ ಮಗ ಕಾದಂಬರಿ ಹಿಡಿದು ಕುಳಿತರೆ ಓದುವ ಹವ್ಯಾಸ. ಸೊಸೆ ಅದನ್ನೇ ಹಿಡಿದರೆ ಗೀಳು ಎನಿಸಿಕೊಳ್ಳುವುದುಂಟು. ಬಿಡುವು ಯಾರಿಗೆ ಸಲ್ಲಬೇಕೆಂಬ ತೀರ್ಪೂ ಈ ಪದಗಳೊಳಗಿದೆ.