ದಾದರಿನಿಂದ ಒಂದು ಸ್ಟೇಷನ್ ಆಚೆ ಬಾಳೆಲೆ ಊಟ

ದಾದರ್ ನಿಲ್ದಾಣದಲ್ಲಿ ರಾತ್ರಿ ಒಂಬತ್ತೂವರೆಯ ಚಾಲುಕ್ಯಕ್ಕೋ ಶರಾವತಿಗೋ ಕಾಯುವ ಕನ್ನಡಿಗರನ್ನು ಗುರುತಿಸುವುದು ಸುಲಭ. ಗಾಡಿಗೆ ಇನ್ನೂ ಮೂರು ಗಂಟೆ ಇರುವಾಗಲೇ ಬಂದು ಸಾಮಾನು ಸುತ್ತ ಪೇರಿಸಿಕೊಂಡು ಕೂತಿರುತ್ತಾರೆ. ಹಸಿವಾದಾಗ ಮನೆಯವರಲ್ಲಿ ಒಬ್ಬರು ಎದ್ದು ಹೋಗಿ ವಡಾಪಾವ್ ತರುತ್ತಾರೆ, ಜೊತೆಗೊಂದು ಕಟಿಂಗ್ ಚಹಾ. ಮುಂದೆ ರಾತ್ರಿಯಿಡೀ ಪ್ರಯಾಣ, ಮರುದಿನ ಹಗಲೂ ಪ್ರಯಾಣ. ಖಾರದ ಚಟ್ನಿ, ಕರಿದ ವಡೆ, ಮೈದಾದ ಪಾವ್ ಹೊಟ್ಟೆಗೆ ಹಾಕಿಕೊಂಡು ಬರ್ತ್ ಮೇಲೆ ಹೊರಳಾಡುವವರನ್ನು ಕಂಡಾಗಲೆಲ್ಲ ಹೇಳಬೇಕೆನಿಸುತ್ತದೆ: ಸ್ಲೋ ಲೋಕಲ್ ಹತ್ತಿ, ಒಂದೇ ಸ್ಟೇಷನ್ ಆಚೆ ಮಾಟುಂಗಾದಲ್ಲಿ ಇಳಿದುಬಿಡಿ.

ದಾದರಿನಲ್ಲಿ 1ರಿಂದ 7ರವರೆಗಿನ ಪ್ಲಾಟ್‌ಫಾರಂಗಳು ಪಶ್ಚಿಮ ರೈಲ್ವೆಯವು, 8ರಿಂದ ಮುಂದಿನವು ಮಧ್ಯ ರೈಲ್ವೆಯವು. ನಮಗೆ ಬೇಕಾದ್ದು ಮಧ್ಯ ರೈಲ್ವೆಯ ಮಾಟುಂಗಾ. ಪಶ್ಚಿಮದ ಸಾಲಿನಲ್ಲಿ ಮಾಟುಂಗಾ ರೋಡ್ ಎಂಬ ಬೇರೆ ನಿಲ್ದಾಣವಿದೆ. ಅಲ್ಲಿಳಿದರೂ ಪಾದಚಾರಿ ಸೇತುವೆ ದಾಟಿ ಈಚೆ ಬರಬಹುದು, ಆದರೆ ಹೊತ್ತು ಕಡಿಮೆ ಇರುವವರಿಗೆ ಆ ಸುತ್ತು ಬೇಡ. ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ಇದನ್ನು ಮರೆಯಬಾರದು. ಹತ್ತಿದ ಮೇಲೆ ಬಾಗಿಲ ಹತ್ತಿರವೇ ನಿಂತಿರಿ, ಐದು ನಿಮಿಷದೊಳಗೆ ಇಳಿಯಬೇಕಾಗುತ್ತದೆ. ಸಾಮಾನನ್ನು ಕ್ಲೋಕ್ ರೂಮಿನಲ್ಲಿ ಇಡುವುದಾದರೆ ಪ್ರತಿಯೊಂದಕ್ಕೂ ಬೀಗವಿರಬೇಕು, ಕೈಯಲ್ಲಿ ಟಿಕೆಟ್ ಇರಬೇಕು. ಸಂಜೆ ಆರರಿಂದ ಎಂಟರವರೆಗೆ ಕಚೇರಿ ಬಿಟ್ಟವರೆಲ್ಲ ಇದೇ ದಿಕ್ಕಿಗೆ ಹೋಗುವುದರಿಂದ ಆಗ ಪೆಟ್ಟಿಗೆ ಹಿಡಿದು ಲೋಕಲ್ ಹತ್ತುವ ಸಾಹಸ ಮಾಡಬೇಡಿ, ಟ್ಯಾಕ್ಸಿ ಹಿಡಿಯಿರಿ.

ಮಾಟುಂಗಾ ಚಿಕ್ಕ ನಿಲ್ದಾಣ. 2017ರಲ್ಲಿ ಇಲ್ಲಿಯ ಕೆಲಸವನ್ನೆಲ್ಲ ಮಹಿಳಾ ಸಿಬ್ಬಂದಿಗೇ ವಹಿಸಿದಾಗ ದೇಶದಲ್ಲೆಲ್ಲ ಸುದ್ದಿಯಾಗಿತ್ತು. ಪೂರ್ವದ ಕಡೆ ಹೊರಬಿದ್ದರೆ ಎದುರಿಗೇ ಮಾರುಕಟ್ಟೆ. ಮಲ್ಲಿಗೆ ಮಾಲೆ, ವೀಳ್ಯದೆಲೆ, ಸಾಂಬಾರ್ ಈರುಳ್ಳಿ, ನುಗ್ಗೆಕಾಯಿ, ಸುರುಳಿ ಸುತ್ತಿ ಕಟ್ಟಿಟ್ಟ ಬಾಳೆಲೆ, ಹುರಿದ ಕಾಫಿ ಬೀಜದ ವಾಸನೆ. ಆ ಮಾರುಕಟ್ಟೆಯ ಕಟ್ಟಡದ ಮೊದಲ ಮಹಡಿಯಲ್ಲಿದೆ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಲ್ಲಿ ಶುರುವಾದದ್ದು. ರೈಲು ನಿಲ್ದಾಣದ ಹತ್ತಿರ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ.

ನಿಲ್ದಾಣದ ಸುತ್ತಲಿನ ಹೋಟೆಲುಗಳ ಬಗ್ಗೆ ಜನರಿಗೆ ಒಳ್ಳೆಯ ಅಭಿಪ್ರಾಯ ಇಲ್ಲದಿರುವುದಕ್ಕೆ ಕಾರಣವಿದೆ. ಅಲ್ಲಿ ಉಣ್ಣುವವನು ಮತ್ತೆ ಬರುವವನಲ್ಲ. ಇವತ್ತು ಸಾರು ಹಳಸಿದ್ದರೂ ನಾಳೆ ಬಂದು ಕೇಳುವವರಿಲ್ಲ. ಆದರೆ ಅದೇ ನಿಲ್ದಾಣದ ಪಕ್ಕದಲ್ಲಿ ದಿನಾ ಬಂದು ಉಣ್ಣುವವರನ್ನೇ ನಂಬಿಕೊಂಡ ಒಂದು ಅಡುಗೆಮನೆ ಇದ್ದರೆ ಲೆಕ್ಕವೇ ಬೇರೆ. ಅಲ್ಲಿಯ ಊಟ ದಿನವೂ ಉಂಡರೂ ಬೇಸರ ಬರಬಾರದು, ಹೊಟ್ಟೆ ಕೆಡಬಾರದು, ಜೇಬಿಗೂ ಭಾರವಾಗಬಾರದು. ಹುಳಿ, ಖಾರ, ಎಣ್ಣೆ ಮೂರನ್ನೂ ಹಿಡಿತದಲ್ಲಿಟ್ಟು ಮಾಡಿದ ಆ ಅಡುಗೆಯೇ ರಾತ್ರಿ ಗಾಡಿ ಹತ್ತುವವನಿಗೂ ಬೇಕಾದದ್ದು. ದಾರಿಹೋಕನಿಗೆಂದು ಅಟ್ಟ ಊಟಕ್ಕಿಂತ ಊರಿನವನಿಗೆಂದು ಅಟ್ಟ ಊಟವೇ ದಾರಿಹೋಕನಿಗೆ ಹಿತ ಎಂಬುದು ನನ್ನ ಗಟ್ಟಿ ನಂಬಿಕೆ. ಮಾಟುಂಗಾದ ಬೋರ್ಡಿಂಗುಗಳು ಹುಟ್ಟಿದ್ದೇ ಅಂಥ ದಿನದ ಗಿರಾಕಿಗಳಿಗಾಗಿ.

ಆ ಗಿರಾಕಿಗಳು ಯಾರು? 1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿಯಿತು. ಇಕ್ಕಟ್ಟಿನ ಹಳೆಯ ಕೇರಿಗಳಿಂದ ಜನರನ್ನು ಹೊರಗೆ ತರಬೇಕೆಂದು 1898ರಲ್ಲಿ ಮುಂಬಯಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಅದು ಯೋಜನೆ ಹಾಕಿ ಕಟ್ಟಿದ ಬಡಾವಣೆಗಳು ದಾದರ್, ಮಾಟುಂಗಾ, ವಡಾಲಾ, ಸಾಯನ್. ಅಗಲ ರಸ್ತೆ, ಸಾಲುಮರ, ಗಾಳಿ ಬೆಳಕಿನ ಮನೆಗಳು. ಕೋಟೆ ಪ್ರದೇಶದ ಕಚೇರಿಗಳಲ್ಲಿ ಗುಮಾಸ್ತರಾಗಿ, ಟೈಪಿಸ್ಟರಾಗಿ, ಲೆಕ್ಕಿಗರಾಗಿ ಸೇರಿಕೊಂಡ ದಕ್ಷಿಣದ ಹುಡುಗರು ಇಲ್ಲಿಗೆ ಬಂದು ನೆಲೆಸಿದರು. ತಮಿಳರು ಹೆಚ್ಚು, ಜೊತೆಗೆ ಮಲಯಾಳಿಗಳು, ಕನ್ನಡಿಗರು, ತುಳುವರು, ಕೊಂಕಣಿಗರು. 1915ರಲ್ಲಿ ರೈಲ್ವೆ ವರ್ಕ್‌ಶಾಪ್ ಬಂತು. ಮದುವೆಯಾಗದವರು, ಮದುವೆಯಾಗಿಯೂ ಹೆಂಡತಿ ಮಕ್ಕಳನ್ನು ಊರಿನಲ್ಲೇ ಬಿಟ್ಟು ಬಂದವರು ನಾಲ್ಕೈದು ಜನ ಸೇರಿ ಒಂದು ಕೋಣೆ ಹಿಡಿಯುತ್ತಿದ್ದರು. ಕೋಣೆಯಲ್ಲಿ ಒಲೆ ಹೂಡುವ ಸೌಕರ್ಯವಿರಲಿಲ್ಲ. ತಿಂಗಳಿಗಿಷ್ಟು ಎಂದು ಕೊಟ್ಟು ಎರಡು ಹೊತ್ತು ಉಣ್ಣುವ ಜಾಗ ಅವರಿಗೆ ಬೇಕಿತ್ತು.

ಅದನ್ನು ಒದಗಿಸಿದವರು ಕರಾವಳಿಯವರು. ರಾಮ ನಾಯಕರು 1936ರಲ್ಲಿ ಇದೇ ಮಾಟುಂಗಾದಲ್ಲಿ ಮೈಸೂರು ಕೆಫೆ ತೆರೆದಿದ್ದರು. ಅದು ಇಂದಿಗೂ ಕಿಂಗ್ಸ್ ಸರ್ಕಲ್ಲಿನ ಬಳಿ ನಡೆಯುತ್ತಿದೆ. ನಿಲ್ದಾಣದ ಹತ್ತಿರದ ರಾಮ ಆಶ್ರಯ 1939ರದು, ಭಾವುದಾಜಿ ರಸ್ತೆಯ ಕೆಫೆ ಮದ್ರಾಸ್ 1940ರದು, ಕಾಮತ್ ಮನೆತನದವರದು. ಆರೇಳು ವರ್ಷದ ಅಂತರದಲ್ಲಿ, ಹತ್ತು ನಿಮಿಷ ನಡೆಯುವಷ್ಟು ಜಾಗದಲ್ಲಿ, ಇಷ್ಟು ಅಡುಗೆಮನೆಗಳು ಎದ್ದು ನಿಂತವು. ಇನ್ನೊಂದು ಸಂಗತಿ ನೆನೆದರೆ ಇವರ ಮೇಲಿನ ಗೌರವ ಹೆಚ್ಚುತ್ತದೆ. ಮುಂಬಯಿಯ ರೈಲು ನಿಲ್ದಾಣದ ಮುಂದೆ ಎಲೆ ಹಾಕಿ ಬಡಿಸಿದ ಇವರ ಉಡುಪಿ ಸೀಮೆಗೆ ಆಗ ರೈಲೇ ಇರಲಿಲ್ಲ. ಉಡುಪಿಗೆ ಮೊದಲ ಪ್ರಯಾಣಿಕರ ಗಾಡಿ ಬಂದದ್ದು 1993ರಲ್ಲಿ, ಕೊಂಕಣ ರೈಲು ಮುಂಬಯಿವರೆಗೆ ಪೂರ್ತಿ ತೆರೆದದ್ದು 1998ರಲ್ಲಿ. ಅದಕ್ಕೂ ಮುಂಚಿನವರು ಹಡಗಿನಲ್ಲಿ, ಘಟ್ಟ ಹತ್ತಿಳಿಯುವ ಬಸ್ಸಿನಲ್ಲಿ ದಿನಗಟ್ಟಲೆ ಸವೆಸಿ ಇಲ್ಲಿಗೆ ಬಂದವರು. ಹತ್ತು ಹನ್ನೆರಡರ ಹುಡುಗರಾಗಿ ಬಂದು ತಟ್ಟೆ ತೊಳೆದವರೂ ಇದ್ದರು. ಹಗಲೆಲ್ಲ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿ, ಮುಂದೆ ವಕೀಲರೂ ಲೆಕ್ಕ ಪರಿಶೋಧಕರೂ ಆದವರ ಕತೆ ಮುಂಬಯಿಯ ಹಳೆಯ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಮುಂಬಯಿ ಕನ್ನಡದ ಇತಿಹಾಸ ಬರೆಯುವವರು ಸಭಾಭವನಗಳನ್ನು ಮಾತ್ರ ನೋಡಿ ಸುಮ್ಮನಾಗಬಾರದು, ಈ ಅಡುಗೆಮನೆಗಳ ಹಿಂಬಾಗಿಲನ್ನೂ ನೋಡಬೇಕು.

ಬೋರ್ಡಿಂಗಿನ ಊಟಕ್ಕೆ ಒಂದು ಕ್ರಮವಿದೆ. ಮೆಟ್ಟಿಲು ಹತ್ತಿದೊಡನೆ ಗಲ್ಲಾ. ಅಲ್ಲಿ ಮೊದಲೇ ದುಡ್ಡು ಕೊಟ್ಟು ಕೂಪನ್ ತೆಗೆದುಕೊಳ್ಳಬೇಕು. ಊಟ ಎರಡು ಬಗೆ: ಅಳತೆಯ ತಟ್ಟೆ ಊಟ, ಮತ್ತು ಬೇಕಾದಷ್ಟು ಬಡಿಸುವ ಎಲೆ ಊಟ. ಹೊತ್ತಿದ್ದರೆ ಎಲೆಯನ್ನೇ ಹೇಳಿ. ನಿಮ್ಮ ಸರದಿ ಬರುವವರೆಗೆ ಬೆಂಚಿನ ಮೇಲೆ ಕೂರಬೇಕು. ಭಾನುವಾರ ಮಧ್ಯಾಹ್ನ ಈ ಕಾಯುವಿಕೆ ಉದ್ದವಾಗುತ್ತದೆ. ಗಾಡಿ ಹಿಡಿಯುವವರು ಆ ದಿನ ಊಟ ಶುರುವಾಗುವ ಹೊತ್ತಿಗೇ ಹೋಗುವುದು ಜಾಣತನ. ಕರೆದಾಗ ಎದ್ದು ಒಳಗೆ ಹೋದರೆ ಖಾಲಿ ಇರುವ ಜಾಗದಲ್ಲಿ ಕೂರಿಸುತ್ತಾರೆ. ಒಂದೇ ಮೇಜಿನಲ್ಲಿ ಪಕ್ಕದವರು ಅಪರಿಚಿತರು: ಒಬ್ಬರು ಗುಜರಾತಿ ವ್ಯಾಪಾರಿ, ಇನ್ನೊಬ್ಬರು ಮಾಟುಂಗಾದಲ್ಲೇ ಹುಟ್ಟಿ ಬೆಳೆದ ತಮಿಳು ಅಜ್ಜ, ಮತ್ತೊಬ್ಬಳು ಕಾಲೇಜಿನ ಹುಡುಗಿ.

ಎಲೆ ಹಾಸಿದ ಮೇಲೆ ಕೈಯಲ್ಲಿ ನೀರು ಚಿಮುಕಿಸಿ ಒರೆಸಿಕೊಳ್ಳುವ ಹೊತ್ತಿಗೆ ಬಡಿಸುವವರು ಬಂದೇಬಿಡುತ್ತಾರೆ. ಉಪ್ಪಿನಕಾಯಿ, ಪಲ್ಯ, ಕೂಟು, ಹಪ್ಪಳ, ಬಿಸಿ ಪೂರಿ ಅಥವಾ ಚಪಾತಿ. ಯಾವುದೂ ಗುಡ್ಡೆ ಬೀಳುವುದಿಲ್ಲ. ಒಂದೊಂದು ಸೌಟು, ಅಷ್ಟೆ. ಮುಗಿದರೆ ಮತ್ತೆ ಬರುತ್ತದೆ, ಕೇಳುವ ಮೊದಲೇ ಬರುತ್ತದೆ. ಆಮೇಲೆ ಅನ್ನ. ಅನ್ನದ ನಡುವೆ ಬೆರಳಿನಲ್ಲಿ ಗುಳಿ ಮಾಡಿಕೊಂಡು ಕಾದಿರಬೇಕು. ಸಾರಿನವರು ಅದರೊಳಗೇ ಸುರಿಯುತ್ತಾರೆ. ಈ ಸಾರು ತೆಳು, ಕೆಂಪು ಕಂದು ಬಣ್ಣ, ಮೇಲೆ ಇಂಗಿನ ಘಮ, ಗಂಟಲಲ್ಲಿ ಇಳಿಯುವಾಗ ಮೆಣಸಿನ ಚುರುಕು. ಎರಡು ದಿನ ರೈಲಿನಲ್ಲಿ ಕಳೆದು ನಾಲಗೆ ಸತ್ತುಹೋಗಿದ್ದವರಿಗೆ ಮೊದಲ ತುತ್ತಿನಲ್ಲೇ ಜೀವ ಬಂದಂತಾಗುತ್ತದೆ. ಸಾಂಬಾರು ಮುಂಬಯಿಯ ಬಹಳಷ್ಟು ಹೋಟೆಲುಗಳಲ್ಲಿ ಬೆಲ್ಲ ಸುರಿದು ಪಾನಕ ಮಾಡಿದಂತಿರುತ್ತದೆ. ಇಲ್ಲಿ ಅದು ಸಾಂಬಾರಾಗಿಯೇ ಉಳಿದಿದೆ. ಕೊನೆಗೆ ಮೊಸರು, ಮಜ್ಜಿಗೆ. ಸಿಹಿ ಬೇಕೆಂದರೆ ಬೇರೆ ದುಡ್ಡು ಕೊಡಬೇಕು.

ಎಲೆಯಲ್ಲಿ ಅನ್ನ ಬಿಡುವುದನ್ನು ಇಲ್ಲಿ ಯಾರೂ ಮೆಚ್ಚುವುದಿಲ್ಲ. ಬೇಡವೆಂದರೆ ಕೈ ಅಡ್ಡ ಹಿಡಿದರೆ ಸಾಕು, ಒತ್ತಾಯವಿಲ್ಲ. ಅಡುಗೆಮನೆ ನೋಡಬೇಕೆಂದರೆ ಒಳಗೆ ಬಿಡುತ್ತಾರೆ. ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡಿಸಿ ನೋಡಿ, ಗಲ್ಲಾದ ಕಡೆಯಿಂದ ಅದೇ ಭಾಷೆಯಲ್ಲಿ ಉತ್ತರ ಬರುವ ಸಂಭವ ಹೆಚ್ಚು. ಬಡಿಸುವವರಲ್ಲಿ ಈಗ ಬೇರೆ ರಾಜ್ಯದ ಹುಡುಗರೂ ಇದ್ದಾರೆ. ಆದರೆ ‘ಸಾರು ಹಾಕ್ಲಾ ಅಣ್ಣಾ’ ಎನ್ನುವ ಧಾಟಿಯನ್ನು ಅವರೂ ಕಲಿತುಕೊಂಡಿದ್ದಾರೆ.

ಊಟದ ಹೊತ್ತಲ್ಲದ ಹೊತ್ತಿಗೆ ಇಳಿದವರಿಗೆ ಬೋರ್ಡಿಂಗ್ ಒದಗುವುದಿಲ್ಲ. ಮಧ್ಯಾಹ್ನದ ಪಂಕ್ತಿ ಮುಗಿದರೆ ರಾತ್ರಿಯವರೆಗೆ ಬಾಗಿಲು ಹಾಕಿರುತ್ತದೆ. ಬೆಳಗಿನ ಜಾವದ ಗಾಡಿಯಲ್ಲಿ ಬಂದವರಿಗೆ ರಾಮ ಆಶ್ರಯವೇ ಗತಿ. ಅದು ಐದಕ್ಕೇ ತೆರೆಯುತ್ತದೆ. ಅಲ್ಲಿ ಅಂದಂದಿನ ತಿಂಡಿಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದಿರುತ್ತಾರೆ, ಅದನ್ನು ನೋಡಿಯೇ ಆರಿಸಬೇಕು. ಉಪ್ಪಿಟ್ಟು ಹೇಳಿ. ಜೊತೆಗೆ ಆ ದಿನದ ಶಿರಾ ಹೇಳಿ. ಅನಾನಸಿನದು ಇದ್ದ ದಿನ ಅದೃಷ್ಟ. ಕೆಫೆ ಮದ್ರಾಸಿಗೆ ಇನ್ನೂ ಸ್ವಲ್ಪ ದೂರ ನಡೆಯಬೇಕು, ಮೇಲಾಗಿ ಶನಿವಾರ ಭಾನುವಾರ ಬಾಗಿಲ ಮುಂದೆ ಹೆಸರು ಬರೆಸಿ ಸಾಲು ಕಾಯಬೇಕು. ಗಾಡಿಯ ಆತಂಕ ಇರುವವರಿಗೆ ನಾನದನ್ನು ಹೇಳುವುದಿಲ್ಲ. ಸಮಯವಿದ್ದರೆ ಅಲ್ಲಿಯ ರಸಂ ವಡೆ, ತುಪ್ಪ ಹಾಕಿದ ಪುಡಿ ಇಡ್ಲಿ, ರಾಗಿ ದೋಸೆ ಮೂರನ್ನೂ ಬಿಡಬಾರದು. ಮುಂಬಯಿಯ ಹೋಟೆಲುಗಳಲ್ಲಿ ಮೈಸೂರು ಮಸಾಲೆ ಎಂದು ಕೇಳಿದರೆ ಬರುವುದು ಒಳಗೆ ಕೆಂಪು ಚಟ್ನಿ, ತರಕಾರಿ, ಕೆಲವೆಡೆ ಬೀಟ್‌ರೂಟು ಕೂಡ ಕಲಸಿದ ಈ ಊರಿನದೇ ತಯಾರಿ. ಮೈಸೂರಿನವರು ಅದನ್ನು ನೋಡಿ ಮುಖ ಸಿಂಡರಿಸುವುದಕ್ಕಿಂತ ಬೇರೆ ತಿಂಡಿಯೆಂದೇ ತಿಂದರೆ ರುಚಿಸುತ್ತದೆ.

ಭಾವುದಾಜಿ ರಸ್ತೆಗೆ ಹೋದವರು ಮೈಸೂರು ಅಸೋಸಿಯೇಷನ್ ಕಟ್ಟಡವನ್ನೂ ನೋಡಿ ಬರಬಹುದು. 1926ರಲ್ಲಿ ಹುಟ್ಟಿದ ಸಂಸ್ಥೆ. ನಾಟಕ, ಉಪನ್ಯಾಸ, ‘ನೇಸರು’ ಮಾಸಿಕ ಎಲ್ಲವೂ ಇಲ್ಲಿಂದ ನಡೆದಿವೆ. ಹಳಿಯ ಪಶ್ಚಿಮಕ್ಕೆ, ಮಾಟುಂಗಾ ರೋಡ್ ಕಡೆ, ಕರ್ನಾಟಕ ಸಂಘವಿದೆ. ಸಂಜೆ ಕಾರ್ಯಕ್ರಮ ಮುಗಿಸಿ ಊಟಕ್ಕೆ ಇತ್ತ ಬರುವ ಕನ್ನಡದ ಲೇಖಕರು, ನಟರು, ಮೇಷ್ಟ್ರುಗಳು ಈ ಬೀದಿಗಳಿಗೆ ಹೊಸಬರಲ್ಲ.

ಉಡುಪಿ ಎಂಬ ಹೆಸರಿನ ಫಲಕ ಮುಂಬಯಿಯ ಎಲ್ಲ ನಿಲ್ದಾಣಗಳ ಹೊರಗೂ ಕಾಣುತ್ತದೆ. ಬಹಳಷ್ಟು ಕಡೆ ಒಳಗೆ ಹೋದರೆ ಪಾವ್‌ಭಾಜಿ, ಪನೀರ್, ನೂಡಲ್ಸ್ ಎಲ್ಲ ಇರುತ್ತವೆ, ಬಾಳೆಲೆ ಇರುವುದಿಲ್ಲ. ಅವರನ್ನು ದೂರುವಂತಿಲ್ಲ. ಈ ಊರಿನ ಬಾಡಿಗೆಗೆ ಒಂದು ಜಾಗದಲ್ಲಿ ಅರ್ಧ ಗಂಟೆ ಕೂತು ಎರಡನೇ ಸಲ ಅನ್ನ ಹಾಕಿಸಿಕೊಳ್ಳುವ ಗಿರಾಕಿಯನ್ನು ಸಾಕುವುದು ಕಷ್ಟದ ಬಾಬು. ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದ ಒಂಟಿ ಗುಮಾಸ್ತರ ಕಾಲವೂ ಹೋಯಿತು. ಹಾಗಿದ್ದೂ ಮಾರುಕಟ್ಟೆಯ ಆ ಮಹಡಿಯಲ್ಲಿ ಇಂದಿಗೂ ಎಲೆ ಬೀಳುತ್ತಿದೆ ಎಂದರೆ, ನಡೆಸುವವರಿಗೆ ಲಾಭಕ್ಕಿಂತ ಹೆಚ್ಚಿನದೊಂದು ಹಟ ಇದೆ ಎಂದೇ ನನಗನ್ನಿಸುತ್ತದೆ.

ಸೋಮವಾರ ಮಾಟುಂಗಾದ ಈ ಹಳೆಯ ಹೋಟೆಲುಗಳಲ್ಲಿ ಹಲವಕ್ಕೆ ರಜೆ, ಬೋರ್ಡಿಂಗಿಗೂ. ಆ ದಿನ ಗಾಡಿ ಇರುವವರು ಮೊದಲೇ ವಿಚಾರಿಸಿಕೊಂಡು ಹೊರಡಿ. ರಾತ್ರಿ ಒಂಬತ್ತೂವರೆಯ ಗಾಡಿಯವರು ಏಳಕ್ಕೆಲ್ಲ ಕೂಪನ್ ಕೈಯಲ್ಲಿ ಹಿಡಿದಿದ್ದರೆ ಎಂಟೂವರೆಗೆ ದಾದರಿಗೆ ವಾಪಸಾಗಬಹುದು. ಆ ದಿಕ್ಕಿನ ಲೋಕಲ್ಲಿನಲ್ಲಿ ಆಗ ನೂಕುನುಗ್ಗಲು ಅಷ್ಟಿರುವುದಿಲ್ಲ. ಮರುದಿನ ಬೆಳಿಗ್ಗೆಯ ತಿಂಡಿಗೆ ದಾರಿಯಲ್ಲಿ ಏನು ಸಿಗುತ್ತದೋ ಎಂಬ ಯೋಚನೆ ಇದ್ದರೆ, ಹತ್ತಿರದ ಯಾವುದಾದರೂ ಹೋಟೆಲಿನಲ್ಲಿ ಇಡ್ಲಿ ಕಟ್ಟಿಸಿಕೊಳ್ಳಿ. ತೆಂಗಿನ ಚಟ್ನಿ ಬೇಡ, ರಾತ್ರಿ ಕಳೆದರೆ ಹುಳಿಯುತ್ತದೆ. ಕೆಳಗಿನ ಅಂಗಡಿಯಲ್ಲಿ ಚಟ್ನಿಪುಡಿ ಸಿಗುತ್ತದೆ, ಜೊತೆಗೆ ಎರಡು ನೇಂದ್ರ ಬಾಳೆಹಣ್ಣು ತೆಗೆದುಕೊಳ್ಳಿ.